ಅಪ್‌ಡೇಟ್: ಮಾಂಟಾನಾ ಕರಡಿ ಬೇಟೆ ಮೇ ಕೊನೆಗೆ ಪಕ್ಕಾ

ಅಮೆರಿಕದ ಮಾಂಟಾನಾ ರಾಜ್ಯದಲ್ಲಿ ಏಪ್ರಿಲ್ ಮಧ್ಯದಲ್ಲಿ ಸೀಸನ್ ಶುರುವಾದ ತಕ್ಷಣ ಕಪ್ಪು ಕರಡಿ ಬೇಟೆಗೆ ಹೋಗೋದಾ, ಮೇ ಕೊನೆವರೆಗೆ ಕಾಯೋದಾ ಅಂತ ಕೇಳಿದ್ದೆ ಅಲ್ವಾ, ಮೇ ಕೊನೆಗೇ ಹೊರಟಿದ್ದೇವೆ. ನೀವು ಹೇಳಿದ ಹಾಗೆ ಮೊದಮೊದಲು ಮೇಲಿನ ರಸ್ತೆಗಳಲ್ಲಿ ಹಿಮ ಇರುತ್ತದೆ, ಆಮೇಲಾದರೆ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರುಗಳಲ್ಲಿ ಹೊಸ ಹುಲ್ಲು ಬಂದು, ಕರಡಿ ಹಸುವಿನ ಹಾಗೆ ನಿಂತು ಮೇಯುತ್ತದೆ. ತೀರಾ ತಡವಾದರೆ ಕರಡಿ ಮೈ ಉಜ್ಜಿ ಉಜ್ಜಿ ಕೂದಲು ಉದುರಿ ತೊಗಲು ಚೆನ್ನಾಗಿರೋದಿಲ್ಲ, ಅದಕ್ಕೇ ಜೂನ್ ಬೇಡ ಅಂದೆ.

ಲೈಸೆನ್ಸ್‌ಗೆ ಮುಂಚೆ ಕರಡಿ ಗುರುತಿಸುವ ಪರೀಕ್ಷೆ ಪಾಸಾಗಬೇಕು. ಆಯಿತು. ಬಣ್ಣ ಮಾತ್ರ ನಂಬಬೇಡಿ, ಕಪ್ಪು ಕರಡಿ ಕಂದು ಬಣ್ಣದಲ್ಲೂ ಇರುತ್ತದೆ! ಭುಜದ ಡುಬ್ಬ, ಮುಖದ ಆಕಾರ, ಕಿವಿ, ಉಗುರು ಎಲ್ಲ ನೋಡಬೇಕು. ಗ್ರಿಜ್ಲಿ (ಬೇರೆ ಜಾತಿಯ ದೊಡ್ಡ ಕಂದು ಕರಡಿ) ಆದರೆ ಮುಟ್ಟುವ ಹಾಗಿಲ್ಲ. ಮರಿ ಜೊತೆಗಿರುವ ತಾಯಿಯನ್ನೂ ಅಷ್ಟೇ. ಮಾಂಸ ಊಟಕ್ಕೇ, ಕರಡಿ ಮಾಂಸದಲ್ಲಿ ಇರಬಹುದಾದ ಟ್ರೈಕಿನೆಲ್ಲಾ ಅನ್ನೋ ಪರಾವಲಂಬಿ ಹುಳುವಿನ ಭಯಕ್ಕೆ ಒಳಗೆ 71 ಡಿಗ್ರಿ ಸೆಲ್ಸಿಯಸ್ ಆಗುವವರೆಗೆ ಬೇಯಿಸುತ್ತೇವೆ. ಬೈನಾಕ್ಯುಲರ್ ಗೆಳೆಯನದು, ಬೇರ್ ಸ್ಪ್ರೇ (ಕರಡಿ ಮೈಮೇಲೆ ಬಂದರೆ ಹೊಡೆಯುವ ಖಾರದ ಸ್ಪ್ರೇ) ಇನ್ನೂ ತಗೊಳ್ಳಬೇಕು.