ಗೋಧಡಿಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಪುಣೆಯಲ್ಲಿರುವ ಹಳೆ ಹಾಸಿಗೆ-ಹೊದಿಕೆಗಳ ಸಂಗ್ರಹವೊಂದಕ್ಕೆ ಕನ್ನಡ ಫಲಕ ಬರೆಯುತ್ತಿದ್ದೇವೆ. ಮರಾಠಿ ಪಟ್ಟಿಯಲ್ಲಿ ಗೋಧಡಿ, ವಾಕಳ, ರಜಈ, ದುಲಈ, ಗಾದಿ ಎಂದಿದೆ. ನಮ್ಮ ಕರಡಿನಲ್ಲಿ ಐದಕ್ಕೂ ‘ಹೊದಿಕೆ’ ಎಂದೇ ಆಗಿದೆ. ಸರಿಯಾದ ಪದಗಳು ಯಾವುವು?

ಉತ್ತರ: ‘ಹೊದಿಕೆ’ ಖಂಡಿತ ಬೇಡ. ಗಾದಿಯನ್ನು ಯಾರೂ ಹೊದೆಯುವುದಿಲ್ಲ. ಗೋಧಡಿಯನ್ನು ಹೊದೆಯುವುದೂ ಉಂಟು, ಹಾಸುವುದೂ ಉಂಟು.

ಗೋಧಡಿಗೆ ಕೌದಿ ಎಂದೇ ಬರೆಯಿರಿ. ಎರಡರ ಕಟ್ಟೂ ಒಂದೇ: ಹಳೆ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ನಡುವೆ ಅರಳೆ ತುಂಬದೆ, ಎಲ್ಲ ಪದರಕ್ಕೂ ಸೂಜಿ ದಾಟಿಸಿ ಸಾಲುಸಾಲಾಗಿ ಟಾಕಿ ಹಾಕುವುದು. ಅರಳೆ ತುಂಬಿದ್ದರೆ ಅದು ರಜಾಯಿ. ದುಲಈಗೆ ‘ತೆಳು ರಜಾಯಿ’ ಸಾಕು, ಗಾದಿ ನಮ್ಮಲ್ಲೂ ಗಾದಿಯೇ. ಒರಟು ವಾಕಳಕ್ಕೆ ‘ಬೊಂತೆ’, ಅಂದರೆ ಚಿಂದಿ ಹೊಲಿದ ಹೊದಿಕೆ, ಹೊಂದುತ್ತದೆ. ‘ಕಂತೆಗೆ ತಕ್ಕ ಬೊಂತೆ’ ಎಂಬ ಮಾತಿನಲ್ಲಿ ಅದು ಇನ್ನೂ ಉಳಿದಿದೆ. ಚಿಂದಿಬಟ್ಟೆಯ ಅರ್ಥದ ಕಂತೆ ಸಂಸ್ಕೃತದ ಕಂಥಾ. ಬಂಗಾಳದ ಕಾಂಥಾ ಕೂಡ ಅದೇ. ಆದರೆ ಇಂದಿನ ಓದುಗರಿಗೆ ಕಂತೆ ಎಂದರೆ ಹುಲ್ಲಿನದೋ ಕಾಗದದ್ದೋ, ಹಾಗಾಗಿ ಫಲಕಕ್ಕೆ ಬೇಡ. ದುಪ್ಪಟಿಯೂ ಬೇಡ. ಅದಕ್ಕೆ ಪದರವೂ ಇಲ್ಲ, ಟಾಕಿಯೂ ಇಲ್ಲ.

ಪದ ಆರಿಸುವ ಮುನ್ನ ವಸ್ತುವನ್ನು ನೋಡಲೇಬೇಕು, ಮರಾಠಿ ಪಟ್ಟಿಯನ್ನಷ್ಟೇ ನಂಬಬೇಡಿ. ಹಿಂದಿನಿಂದ ಬೆಳಕು ಬಿಟ್ಟರೆ ಅರಳೆ ಮೋಡಮೋಡವಾಗಿ ಕಾಣುತ್ತದೆ, ಕೈಗೆ ಗಂಟುಗಂಟಾಗಿ ಸಿಗುತ್ತದೆ. ಕೌದಿಯಲ್ಲಿ ಕಾಣುವುದು ಒಳಗಿನ ಸೀರೆಯ ಅಂಚಿನ ನೇರ ಗೆರೆ. ಪದರ ಎಣಿಸಲು ಹೊಲಿಗೆ ಬಿಚ್ಚಬೇಕಿಲ್ಲ. ಹಳೆಯ ಕೌದಿಯಲ್ಲಿ ಕಪ್ಪು ತುಂಡುಗಳೇ ಸಾಮಾನ್ಯವಾಗಿ ಮೊದಲು ಜೀರ್ಣವಾಗುತ್ತವೆ, ಏಕೆಂದರೆ ಕಬ್ಬಿಣದಿಂದ ಕಟ್ಟಿದ ಕಪ್ಪು ಬಣ್ಣ ನೂಲನ್ನೇ ತಿಂದುಹಾಕುತ್ತದೆ. ಅಲ್ಲಿ ತೆರೆದುಕೊಂಡ ಕಿಂಡಿಯಲ್ಲಿ ಒಳಪದರಗಳು ಒಂದರ ಕೆಳಗೊಂದು ಕಾಣುತ್ತವೆ. ತಪ್ಪುವುದು ಎರಡು ಕಡೆ. ಸವೆದ ರಜಾಯಿಗೆ ಮೇಲೆ ತೇಪೆ ಹಚ್ಚಿದ್ದರೆ ಅದನ್ನು ಕೌದಿ ಎಂದು ಬರೆದುಬಿಡುತ್ತಾರೆ. ಸವೆದ ಕೌದಿಯನ್ನೇ ಒಳಗಿಟ್ಟು ಹೊಸದು ಹೊಲಿದಿದ್ದರೆ, ದಪ್ಪ ನೋಡಿ ರಜಾಯಿ ಎನ್ನುತ್ತಾರೆ.

ಮೂಲೆಗಳನ್ನು ಮರೆಯದೆ ನೋಡಿ. ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಗೆಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ‘ಫೂಲ’ (ಹೂವು) ಇಡುತ್ತಾರೆ. ಈ ಎರಡೂ ಗುರುತಿದ್ದರೆ ‘ಸಿದ್ದಿ ಕೌದಿ’ ಎಂದು ಸ್ಪಷ್ಟವಾಗಿ ಹೇಳಿ. ಕೈಗೆಲಸದ ಗುರುತನ್ನು ಫಲಕವೇ ಅಳಿಸಬಾರದು.

ಗೋವಾದ ವಸ್ತುಗಳೂ ಇದ್ದರೆ ‘ಕೋಲ್ಶ’ (ಹಾಸಿಗೆಯ ಮೇಲುಹಾಸು) ಎಂಬ ಪೋರ್ಚುಗೀಸ್ ಪದ ಎದುರಾದೀತು. 16-17ನೇ ಶತಮಾನದಲ್ಲಿ ಬಂಗಾಳದ ಸಾತಗಾಂವ್ ಕಡೆ ಹತ್ತಿಬಟ್ಟೆಯ ಮೇಲೆ ಟಸರ್ ರೇಷ್ಮೆಯಲ್ಲಿ ಚಿತ್ರ ತುಂಬಿ ಪೋರ್ಚುಗೀಸರಿಗಾಗಿ ಮಾಡುತ್ತಿದ್ದ ಮೇಲುಹಾಸುಗಳಿಗೂ ಇದೇ ಹೆಸರು. ಅದನ್ನು ಕೌದಿ ಎನ್ನಲಾಗದು. ‘ಕಸೂತಿ’ ಎಂದರೆ ನಮ್ಮವರಿಗೆ ಧಾರವಾಡದ ಕಸೂತಿ ನೆನಪಾಗುತ್ತದೆ. ‘ರೇಷ್ಮೆ ನೂಲಿನ ಚಿತ್ತಾರದ ಮೇಲುಹಾಸು’ ಎಂದರೆ ಗೊಂದಲವಿಲ್ಲ.

ಕೌದಿ, ಕವದಿ ಎರಡೂ ಬಳಕೆಯಲ್ಲಿವೆ; ಎಲ್ಲ ಫಲಕದಲ್ಲೂ ಒಂದೇ ರೂಪ ಇರಲಿ. ಮರಾಠಿ ಹೆಸರನ್ನೂ ಬಿಡಬೇಡಿ. ಹೀಗೆ ಬರೆಯಬಹುದು: ‘ಕೌದಿ. ಮರಾಠಿಯಲ್ಲಿ ಗೋಧಡಿ. ಹತ್ತಿ ಸೀರೆ, 4 ಪದರ, ಅರಳೆ ಇಲ್ಲ, ಕೈಹೊಲಿಗೆ.’