ಮೂವರಲ್ಲಿ ಇಬ್ಬರು, ನಾಲ್ವರಲ್ಲಿ ಮೂವರು

ಬಡಾವಣೆಯ ವಾಚನಾಲಯದಲ್ಲಿ ರಾಜ್ಯದ ಸಾಕ್ಷರತೆಯ ಕುರಿತು ಕಾಲು ಗಂಟೆ ಮಾತನಾಡಲು ಒಪ್ಪಿಕೊಂಡಿದ್ದ ನಾನು, ಹಿಂದಿನ ಸಂಜೆ ಇಪ್ಪತ್ತೆಂಟು ಸ್ಲೈಡುಗಳನ್ನು ಲ್ಯಾಪ್‌ಟಾಪಿಗೆ ತುಂಬಿಕೊಂಡು, ತಾಲೀಮಿಗೆಂದು ಮೇಷ್ಟ್ರನ್ನೂ ವಕೀಲರನ್ನೂ ದರ್ಶಿನಿಗೆ ಕರೆದೊಯ್ದೆ. ಮೇಷ್ಟ್ರು ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು; ವಕೀಲರು ತಮ್ಮ ಫೀಸಿನಲ್ಲಿ ಬರುವ ಸಂಖ್ಯೆಗಳನ್ನು ಮಾತ್ರ ಗಂಭೀರವಾಗಿ ಪರಿಗಣಿಸುವವರು.

“2001ರ ಜನಗಣತಿಯಲ್ಲಿ ಶೇ. 66.64 ಇದ್ದ ಕರ್ನಾಟಕದ ಸಾಕ್ಷರತೆ 2011ರಲ್ಲಿ ಶೇ. 75.36 ತಲುಪಿ, ಶೇ. 8.72ರಷ್ಟು ಏರಿಕೆ ಕಂಡಿದೆ” ಎಂದು ನಾನು ಓದುತ್ತಿದ್ದಂತೆ ಮೇಷ್ಟ್ರು ಕಾಫಿಯ ಲೋಟವನ್ನು ಕೆಳಗಿಟ್ಟರು. ಅವರು ಲೋಟ ಕೆಳಗಿಟ್ಟರೆಂದರೆ ಯಾರೋ ನಪಾಸಾದರೆಂದೇ ಅರ್ಥ.

“ರಾಯರೇ, ಏರಿದ್ದು 8.72 ಶೇಕಡಾ ಅಂಶ, ಅಂದರೆ ಎರಡು ಶೇಕಡಾಗಳ ನಡುವಿನ ನೇರ ವ್ಯತ್ಯಾಸ. ಹಿಂದಿನ ಮಟ್ಟಕ್ಕೆ ಹೋಲಿಸಿ ಶೇಕಡಾವಾರು ಹೇಳುವುದಾದರೆ ಸುಮಾರು ಶೇ. 13.”

“ಒಂದೇ ಸಂಗತಿಗೆ ಎರಡು ಸತ್ಯಗಳೇ!” ಎಂದು ವಕೀಲರು ಹಿಗ್ಗಿದರು. “ಆಡಳಿತ ಪಕ್ಷದ ಪರ ವಕಾಲತ್ತು ಬಂದರೆ ಹದಿಮೂರು, ವಿರೋಧ ಪಕ್ಷದ್ದಾದರೆ ಎಂಟೂಮುಕ್ಕಾಲು.”

“ಅದಕ್ಕೇ ಸಭೆಯಲ್ಲಿ ಎರಡೂ ಬೇಡ. ಮೊದಲು ಮೂವರಲ್ಲಿ ಇಬ್ಬರಿಗೆ ಓದುಬರಹ ಬರುತ್ತಿತ್ತು, ಹತ್ತು ವರ್ಷಗಳ ಬಳಿಕ ನಾಲ್ವರಲ್ಲಿ ಮೂವರಿಗೆ ಬರುವಂತಾಯಿತು ಎನ್ನಿ. ಮನೆಗೆ ಹೋಗುವವರೆಗೂ ಜನರ ನೆನಪಿನಲ್ಲಿ ಉಳಿಯುತ್ತದೆ.”

“ನನ್ನ ಐದು ವರ್ಷದ ಮೊಮ್ಮಗ ಈ ಹೋಟೆಲಿನ ತಿಂಡಿ ಪಟ್ಟಿಯನ್ನು ಪೂರ್ತಿ ಓದುತ್ತಾನೆ. ಅವನೂ ಸೇರಿದ್ದಾನೆಯೇ?” ಎಂದು ವಕೀಲರು ಕೇಳಿದರು. ಜನಗಣತಿಯ ಈ ಲೆಕ್ಕ ಏಳು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರದು ಮಾತ್ರವಾದ್ದರಿಂದ ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂದು ಮೇಷ್ಟ್ರು ತೀರ್ಪಿತ್ತರು. ಆ ಷರತ್ತನ್ನು ನಾನು ಸ್ಲೈಡಿನ ತಳದಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ ಅಡಗಿಸಿದ್ದೆ.

ಮುಂದಿನದು ನನ್ನ ಹೆಮ್ಮೆಯ ಸ್ತಂಭಚಿತ್ರ. ಅದರಲ್ಲಿ 2011ರ ಕಂಬ 2001ರದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಎತ್ತರವಾಗಿ ನಿಂತಿತ್ತು. ಮೇಷ್ಟ್ರು ಟೇಬಲ್ಲಿನ ಮೇಲೆ ಚೆಲ್ಲಿದ್ದ ನೀರಿನಲ್ಲಿ ಬೆರಳದ್ದಿ, ಸೊನ್ನೆಯಿಂದ ಆರಂಭಿಸಿ ಎರಡು ಕಂಬ ಎಳೆದರು. ಎರಡನೆಯದು ಮೊದಲನೆಯದಕ್ಕಿಂತ ಉಗುರಿನಷ್ಟು ಮಾತ್ರ ಎತ್ತರವಿತ್ತು. ನಾನು ಲಂಬರೇಖೆಯನ್ನು ಅರುವತ್ತರಿಂದ ಆರಂಭಿಸಿದ್ದೆ ಎಂಬುದು ಬಯಲಾಯಿತು. ಜಾಗ ಉಳಿಸಲು ಹಾಗೆ ಮಾಡಿದೆನೆಂಬ ನನ್ನ ಸಮಜಾಯಿಷಿ ಮುಗಿಯುವ ಮೊದಲೇ ಹುಡುಗನೊಬ್ಬ ಬಟ್ಟೆ ತಂದು ರಾಜ್ಯದ ಸಾಕ್ಷರತೆಯನ್ನು ಒಂದೇ ಎಳೆತಕ್ಕೆ ಒರೆಸಿದ.

ಇಪ್ಪತ್ತಮೂರನೆಯ ಸ್ಲೈಡಿನವರೆಗೆ ಮೇಷ್ಟ್ರು ತುಟಿ ಬಿಚ್ಚಲಿಲ್ಲ. ಅಲ್ಲಿ ಗಂಡಸರ ಸಾಕ್ಷರತೆ ಶೇ. 82.47, ಹೆಂಗಸರದು ಶೇ. 68.08 ಎಂದಿತ್ತು. ಇಬ್ಬರ ನಡುವಿನ ಅಂತರ ಹತ್ತು ವರ್ಷಗಳಲ್ಲಿ ಹತ್ತೊಂಬತ್ತು ಅಂಶಗಳಿಂದ ಹದಿನಾಲ್ಕಕ್ಕೆ ಇಳಿದಿದೆ ಎಂಬುದೇ ನಿಜವಾದ ಸುದ್ದಿಯಾಗಿರುವಾಗ, ಅದನ್ನು ಮದುವೆ ಊಟದ ಕೊನೆಯ ಪಂಕ್ತಿಯಲ್ಲಿ ಕೂರಿಸಿದ್ದೇಕೆಂದು ಅವರು ನಿಜವಾಗಿಯೂ ಸಿಟ್ಟಾದರು. ನಾಳಿನ ಸಭೆಗೆ ಬರುವವರಲ್ಲಿ ಹೆಂಗಸರೇ ಹೆಚ್ಚು ಎಂಬುದು ನನಗೆ ಆಗಲೇ ಹೊಳೆದದ್ದು.

ವಕೀಲರಿಗೆ ಬೇಕಾಗಿದ್ದದ್ದು ಮಾತ್ರ ಕೊನೆಯ ಸ್ಲೈಡು. “2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ 1.7 ಮಕ್ಕಳಂತೆ. ಆ ಮುಕ್ಕಾಲು ಕೂಸಿಗೆ ನಾಮಕರಣ ಮಾಡುವುದು ಹೇಗೆ?” ಸಮೀಕ್ಷೆಯ ಕಾಲದ ಹೆರಿಗೆಯ ದರವೇ ಮುಂದುವರಿದರೆ ಹತ್ತು ಮಹಿಳೆಯರಿಗೆ ಜೀವಮಾನದಲ್ಲಿ ಹದಿನೇಳು ಮಕ್ಕಳು ಎಂದು ಹೇಳಿದರೆ ಯಾವ ಕೂಸೂ ತುಂಡಾಗುವುದಿಲ್ಲ ಎಂದು ಮೇಷ್ಟ್ರು ಅದನ್ನೂ ಬಗೆಹರಿಸಿದರು.

ಬೇಡದ್ದನ್ನೆಲ್ಲ ಕಿತ್ತುಹಾಕಿ ಇಪ್ಪತ್ತೆಂಟರಲ್ಲಿ ನಾಲ್ಕೇ ಸ್ಲೈಡು ಉಳಿಯುವ ಹೊತ್ತಿಗೆ ಬಿಲ್ಲು 240 ರೂಪಾಯಿ ಆಗಿತ್ತು. “ಸರಾಸರಿ ತಲಾ ಎಂಬತ್ತು” ಎಂದರು ವಕೀಲರು, ಎರಡು ಮಸಾಲೆ ದೋಸೆಯ ತಟ್ಟೆಗಳನ್ನು ಮೆಲ್ಲಗೆ ಬದಿಗೆ ಸರಿಸುತ್ತಾ. ತಾವು ಕುಡಿದದ್ದು ಇಪ್ಪತ್ತು ರೂಪಾಯಿಯ ಕಾಫಿ, ರಾಯರು ತಿಂದದ್ದು ನಲವತ್ತರ ಇಡ್ಲಿ, ಉಳಿದ ನೂರ ಎಂಬತ್ತೂ ಒಬ್ಬರದೇ ಹೊಟ್ಟೆಯಲ್ಲಿರುವಾಗ ಸರಾಸರಿ ಹೇಳುವುದು ವಂಚನೆ, ಮಧ್ಯಾಂಕ, ಅಂದರೆ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ, ಹೇಳಬೇಕು ಎಂದು ಮೇಷ್ಟ್ರು ಪಟ್ಟು ಹಿಡಿದರು. ವಾದ ಬಗೆಹರಿಯುವ ಲಕ್ಷಣ ಕಾಣದಿದ್ದುದರಿಂದ, ತಾಲೀಮಿಗೆ ಕರೆದ ತಪ್ಪಿಗೆ ಪೂರ್ತಿ ಮೊತ್ತವನ್ನು ನಾನೇ ತೆತ್ತೆ.