ಪದ ಬೇಕು: ರೋಬೋಟಿನ ‘ಗ್ರಿಪ್ಪರ್’ಗೆ ಇಕ್ಕಳ ಆಯಿತು, ‘ಇನ್‌ಟೇಕ್’ಗೆ ಏನು?

ಎಲ್ಲರಿಗೂ ನಮಸ್ಕಾರ.

ರೋಬೋಟ್ ಸ್ಪರ್ಧೆಗೆ ಇಳಿಯುವ ಹೈಸ್ಕೂಲು, ಡಿಪ್ಲೊಮಾ ಮಕ್ಕಳಿಗಾಗಿ ನಾವು ಕೆಲವರು ಸೇರಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇವೆ. ಮೋಟಾರು, ಗೇರು, ಬ್ಯಾಟರಿ, ಸೆನ್ಸರ್ ಎಲ್ಲವನ್ನೂ ಮಕ್ಕಳು ಹೇಳುವ ಹಾಗೇ ಇಟ್ಟುಕೊಂಡಿದ್ದೇವೆ. ಅದರಲ್ಲಿ ಜಗಳವಿಲ್ಲ. ತಕರಾರು ಇರುವುದು ಒಂದೇ ಅಧ್ಯಾಯದಲ್ಲಿ. ಚೆಂಡನ್ನೋ ಪೈಪನ್ನೋ ರೋಬೋಟ್ ತೆಗೆದುಕೊಂಡು, ಒಳಗಿಟ್ಟುಕೊಂಡು, ಇನ್ನೊಂದು ಕಡೆ ಹಾಕುತ್ತದಲ್ಲ, ಆ ಭಾಗಗಳ ಅಧ್ಯಾಯ.

ಅಲ್ಲಿ ಎರಡು ಕಡೆಯಿಂದ ಒತ್ತಿ ಹಿಡಿಯುವ ಗ್ರಿಪ್ಪರ್ ಬೇರೆ, ಉರುಳೆ ತಿರುಗಿಸಿ ಒಳಕ್ಕೆ ಎಳೆದುಕೊಳ್ಳುವ ಇನ್‌ಟೇಕ್ ಬೇರೆ. ಕರಡಿನಲ್ಲಿ ಎರಡಕ್ಕೂ ‘ಹಿಡಿಕೆ’ ಅಂತ ಬಂದಿದೆ. ಹಿಡಿಕೆ ಅಂದರೆ ಚಾಕುವಿನದು, ಬಾಗಿಲಿನದು. ನಾವು ಹಿಡಿಯುವ ಜಾಗ ಅದು, ತಾನೇ ಹಿಡಿಯುವ ಸಾಮಾನಲ್ಲ. ತಂಡದ ಇನ್ನೊಬ್ಬರು ‘ಗ್ರಾಹಕ’ ಅಂದರು. ‘ಸ್ಪರ್ಧೆಗೆ ಮುಂಚೆ ಗ್ರಾಹಕನ ನಟ್ಟು ಬೋಲ್ಟು ಬಿಗಿ ಮಾಡಿ’ ಅಂತ ಬರೆಯಲು ನನಗಂತೂ ಧೈರ್ಯವಿಲ್ಲ.

ಗ್ರಿಪ್ಪರ್‌ಗೆ ‘ಇಕ್ಕಳ’ ಸಾಕು ಅಂತ ನನ್ನ ಅಭಿಪ್ರಾಯ. ಕೆಲವು ಕಡೆ ಇಕ್ಕುಳ ಅಂತಾರೆ, ಅದೂ ಸರಿ. ಒಬ್ಬರ ಆಕ್ಷೇಪ ಏನೆಂದರೆ, ಇಕ್ಕಳಕ್ಕೆ ನಡುವೆ ಒಂದು ಕೀಲು ಇರುತ್ತದೆ, ರೋಬೋಟಿನ ಎಷ್ಟೋ ಗ್ರಿಪ್ಪರ್‌ಗಳಲ್ಲಿ ಎರಡು ಬೆರಳು ಎದುರುಬದುರಾಗಿ ನೇರ ಜಾರುತ್ತವೆ. ಇರಲಿ ಬಿಡಿ. ಎರಡು ಕಡೆಯಿಂದ ಒತ್ತಿ ಹಿಡಿದರೆ ಇಕ್ಕಳ, ಕೀಲು ಎಲ್ಲಿದೆ ಅಂತ ಯಾರು ನೋಡುತ್ತಾರೆ?

ಕಷ್ಟ ಇನ್‌ಟೇಕ್‌ನದು. ಇದನ್ನು ನೋಡದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಲ್ಲದಿದ್ದರೆ ಪದ ಸೂಚಿಸುವುದು ಹೇಗೆ? ರೋಬೋಟಿನ ಮುಂದೆ ಅಡ್ಡಡ್ಡಲಾಗಿ ಒಂದೋ ಎರಡೋ ಉರುಳೆಗಳು. ಅವುಗಳ ಮೇಲೆ ಮೆತ್ತನೆಯ ರಬ್ಬರ್ ಗಾಲಿಗಳು. ಉರುಳೆ ಒಳಮುಖವಾಗಿ ತಿರುಗುತ್ತಲೇ ಇರುತ್ತದೆ. ಅದರ ಸಂದು ಚೆಂಡಿನ ಅಳತೆಗಿಂತ ಚೂರು ಕಡಿಮೆ. ಹಾಗಾಗಿ ಚೆಂಡು ತಗುಲಿದ ಕೂಡಲೇ ಅಮುಕಿಕೊಂಡು ಒಳಗೆ ಹೋಗುತ್ತದೆ. ರಸ್ತೆ ಬದಿಯ ಕಬ್ಬಿನ ಹಾಲಿನ ಮೆಷಿನ್ ಕಬ್ಬನ್ನು ಎಳೆದುಕೊಳ್ಳುವ ಹಾಗೆಯೇ, ಹಿಂಡುವುದು ಮಾತ್ರ ಇಲ್ಲ.

ಇಕ್ಕಳ ಆದರೆ ರೋಬೋಟ್ ಬರಬೇಕು, ನಿಲ್ಲಬೇಕು, ಗುರಿ ನೋಡಬೇಕು, ಮುಚ್ಚಬೇಕು, ಆಮೇಲೆ ಹೊರಡಬೇಕು. ಉರುಳೆಗೆ ಇದ್ಯಾವುದೂ ಬೇಡ. ಓಡುತ್ತಲೇ ಚೆಂಡಿಗೆ ತಾಗಿದರೆ ಸಾಕು, ಮಧ್ಯಕ್ಕೇ ತಾಗಬೇಕು ಅಂತಲೂ ಇಲ್ಲ. ಒಂದೇ ಷರತ್ತು: ಉರುಳೆಯ ಅಂಚಿನ ವೇಗ ರೋಬೋಟಿನ ವೇಗಕ್ಕಿಂತ ಜಾಸ್ತಿ ಇರಬೇಕು, ಸುಮಾರು ಎರಡು ಪಟ್ಟು ಇರಲಿ ಅಂತ ಅನುಭವಿಗಳು ಹೇಳುತ್ತಾರೆ. ಕಡಿಮೆಯಾದರೆ ರೋಬೋಟ್ ಚೆಂಡನ್ನು ಮುಂದೆ ತಳ್ಳಿಕೊಂಡು ಹೋಗುತ್ತದೆ ಅಷ್ಟೇ. ಒಂದು ಹಿಡಿಯುವ ಕೆಲಸ, ಇನ್ನೊಂದು ಸೆಳೆಯುವ ಕೆಲಸ. ಎರಡಕ್ಕೂ ಒಂದೇ ಪದ ಕೊಟ್ಟರೆ, ಯಾವಾಗ ಯಾವುದನ್ನು ಆರಿಸಿಕೊಳ್ಳಬೇಕು ಅಂತ ಹೇಳುವ ಇಡೀ ಅಧ್ಯಾಯ ಗೋಜಲಾಗುತ್ತದೆ.

ಕೈಪಿಡಿಯಲ್ಲಿ ನಾವು ಕೊಟ್ಟಿರುವ ಉದಾಹರಣೆ 2024ರ ಎಬಿಯು ರೋಬೋಕಾನ್. ಏಷ್ಯಾ-ಪೆಸಿಫಿಕ್ ದೇಶಗಳ ಕಾಲೇಜು ತಂಡಗಳ ಈ ಸ್ಪರ್ಧೆ 2002ರಿಂದ ನಡೆಯುತ್ತಿದೆ. 2024ರಲ್ಲಿ ವಿಯೆಟ್ನಾಂನವರು ಭತ್ತದ ಸುಗ್ಗಿಯನ್ನೇ ಆಟ ಮಾಡಿದ್ದರು. ಮೊದಲ ರೋಬೋಟ್ ಸಸಿ ನೆಡಬೇಕು, ಆಮೇಲೆ ಭತ್ತ ಅಂತ ಇಟ್ಟಿರುವ ಚೆಂಡುಗಳನ್ನು ಕಟಾವು ಮಾಡಬೇಕು. ಎರಡನೆಯದು ಯಾರೂ ನಡೆಸದೆ ತಾನಾಗೇ ಓಡಾಡಿ, ಚೆಂಡನ್ನು ಆರಿಸಿ ಸೈಲೊಗೆ ತುಂಬಬೇಕು. ‘ಖಾಲಿ ಕಾಳು’ ಅಂತ ಬೇರೆ ಬಣ್ಣದ ಚೆಂಡುಗಳೂ ಇದ್ದವು, ಅವನ್ನು ಬಿಡಬೇಕು. ಖಾಲಿ ಕಾಳು ಅಂದರೆ ಜೊಳ್ಳು, ಸೈಲೊ ಅಂದರೆ ಕಣಜ, ನೆಡುವುದು ನಾಟಿ. ಇಷ್ಟಕ್ಕೆ ಒಂದು ನಿಮಿಷವೂ ಚರ್ಚೆ ಆಗಲಿಲ್ಲ. ಎಲ್ಲ ಪದವೂ ಹೀಗೇ ಸಿಕ್ಕಿದ್ದರೆ ಈ ಪತ್ರವೇ ಬೇಕಿರಲಿಲ್ಲ! ಸಸಿಯನ್ನು ನೆಟ್ಟಗೆ ನಿಲ್ಲಿಸಬೇಕು, ಅದಕ್ಕೆ ಇಕ್ಕಳ ಬೇಕು. ಚೆಂಡಿಗೆ ಉರುಳೆ ಒಳ್ಳೆಯದು. ಒಂದೇ ಆಟದಲ್ಲಿ ಎರಡೂ ಸಿಗುತ್ತವೆ.

ಈವರೆಗೆ ಬಂದಿರುವ ಸೂಚನೆಗಳು ಇವು. ‘ಅಂತರ್ಗ್ರಹಣ’ ಬೇಡ, ಅದನ್ನು ಉಚ್ಚರಿಸುವ ಹೊತ್ತಿಗೆ ಪಂದ್ಯ ಮುಗಿದಿರುತ್ತದೆ. ‘ಕಬಳಿಕೆ’ ಅರ್ಥಕ್ಕೆ ಹತ್ತಿರ, ಆದರೆ ಪೇಪರ್ ಓದುವವರಿಗೆ ಭೂಮಿ, ಕೆರೆ ನೆನಪಾಗುತ್ತವೆ. ‘ಬಾಚು’ ಕ್ರಿಯಾಪದವಾಗಿ ಚೆನ್ನಾಗಿದೆ, ಎರಡೂ ಕೈಯಲ್ಲಿ ಬಾಚಿಕೊಂಡ ಅಂತೀವಲ್ಲ. ಅದರಿಂದ ಹೆಸರು ಕಟ್ಟಲು ಹೋದರೆ ಬಾಚಿ ಬಡಗಿಯದು, ಬಾಚಣಿಗೆ ತಲೆಯದು. ‘ಗೋರು’ ನನಗೆ ಬಹಳ ಇಷ್ಟ. ಕಣದಲ್ಲಿ ಕಾಳು ಗೋರುವುದನ್ನು ಕಂಡವರು ನಮ್ಮ ಈ ಗುಂಪಿನಲ್ಲೇ ಇದ್ದೀರಿ. ಆದರೆ ಗೋರಿದರೆ ಒಂದು ಕಡೆ ರಾಶಿಯಾಗುತ್ತದೆ, ಒಳಗೆ ಬರುವುದಿಲ್ಲ. ‘ಎಳೆಬಾಯಿ’ ಅಂದರೆ ಹಲ್ಲು ಬಾರದ ಕೂಸಿನ ಬಾಯಿ ಅನಿಸುತ್ತದೆ.

ಸದ್ಯಕ್ಕೆ ನಾನು ‘ಸೆಳೆಬಾಯಿ’ ಅಂತ ಬರೆದಿದ್ದೇನೆ. ಹೊಳೆಯ ಸೆಳೆತ, ಸೆಳವು ಎಲ್ಲರಿಗೂ ಗೊತ್ತು. ತಾಗಿದ್ದನ್ನು ಒಳಕ್ಕೆ ಕರೆದುಕೊಳ್ಳುವುದು ಅನ್ನುವ ಅರ್ಥ ಅದರಲ್ಲಿದೆ. ಕಟ್ಟಿದ ಪದ ಅಂತ ಗೊತ್ತಾಗಿಬಿಡುತ್ತದೆ, ಅದೊಂದೇ ಅಳುಕು. ಇಕ್ಕಳದ ಬೆರಳಿಗೇ ಉರುಳೆ ಕಟ್ಟಿದ ಮಿಶ್ರ ತಳಿಯೂ ಒಂದಿದೆ. ಅಮೆರಿಕದ ಎಫ್‌ಆರ್‌ಸಿ (ಫಸ್ಟ್ ರೋಬೋಟಿಕ್ಸ್ ಕಾಂಪಿಟಿಷನ್) ಎಂಬ ಹೈಸ್ಕೂಲು ಮಕ್ಕಳ ಸ್ಪರ್ಧೆಯ 2023ರ ಆಟದಲ್ಲಿ ಶಂಕುವನ್ನೂ ಗಾಳಿ ತುಂಬಿದ ಘನವನ್ನೂ ಎತ್ತಬೇಕಿತ್ತು, ಎಷ್ಟೋ ತಂಡಗಳು ಒಂದೇ ಉರುಳೆ ಬಾಯಿಯಲ್ಲಿ ಎರಡನ್ನೂ ತೆಗೆದುಕೊಂಡವು. ಅದಕ್ಕೆ ‘ಉರುಳಿಕ್ಕಳ’ ನಡೆಯುತ್ತದೆಯೇ? ನನ್ನ ಕಿವಿಗೆ ಒಗ್ಗುತ್ತಿಲ್ಲ. ಎತ್ತುವ ಭಾಗಕ್ಕೆ ಲಿಫ್ಟ್ ಅಂತಲೇ ಇಟ್ಟಿದ್ದೇವೆ, ಅದನ್ನು ಕೆದಕಬೇಡಿ.

ಇನ್ನೊಂದು ಪದ ‘ಜಾಮ್’. ಇದರಲ್ಲಿ ಎರಡು ಬಗೆ. ಜಾಗ ಸಾಲದೆ ಚೆಂಡು ಸಿಕ್ಕಿಕೊಳ್ಳುವುದು ಒಂದು. ಇನ್ನೊಂದು ಮಜವಾಗಿದೆ. ರೋಬೋಟಿನ ಒಳಗೆ ಚೆಂಡು ಸಾಗಿಸುವ ಬೆಲ್ಟು ಕೆಳಗೆ ಓಡುತ್ತಿರುತ್ತದೆ, ಮೇಲೆ ಅಲುಗಾಡದ ತಗಡು, ನಡುವೆ ಎರಡು ಚೆಂಡು ಒಂದರ ಹಿಂದೊಂದು. ಎರಡೂ ಒಂದೇ ದಿಕ್ಕಿಗೆ ಉರುಳುತ್ತವೆ. ಹಾಗಾಗಿ ಒಂದಕ್ಕೊಂದು ತಾಗುವ ಕಡೆ ಒಂದರ ಮೈ ಮೇಲಕ್ಕೆ, ಇನ್ನೊಂದರ ಮೈ ಕೆಳಕ್ಕೆ ಹೋಗುತ್ತಿರುತ್ತದೆ. ಉಜ್ಜಿಕೊಂಡು ಎರಡೂ ನಿಂತುಬಿಡುತ್ತವೆ. ಜಾಗ ಬೇಕಾದಷ್ಟು ಇದ್ದರೂ ಅಷ್ಟೇ. ಮೇಲೂ ಒಂದು ಬೆಲ್ಟು ಅದೇ ವೇಗದಲ್ಲಿ ಓಡಿಸಿದರೆ ಚೆಂಡು ಉರುಳದೆ ಹಾಗೇ ಸಾಗುತ್ತದೆ, ಅಥವಾ ಚೆಂಡುಗಳ ನಡುವೆ ಅಂತರ ಬಿಡಬೇಕು. ಮೊದಲನೆಯದಕ್ಕೆ ‘ಸಿಕ್ಕು’, ಎರಡನೆಯದಕ್ಕೆ ‘ಕಚ್ಚು’ ಅಂತ ಬೇರೆ ಮಾಡಿದ್ದೇನೆ. ಮೆಷಿನ್ ಕಚ್ಚಿಕೊಂಡಿದೆ ಅಂತ ಮೆಕ್ಯಾನಿಕ್‌ಗಳು ಹೇಳುವುದುಂಟು. ಬೇರೆ ಕಡೆ ಇದೇ ಅರ್ಥದಲ್ಲಿ ಹೇಳುತ್ತಾರೆಯೇ?

ಮಂಡ್ಯದ ಕಡೆಯವರಿಗೆ ವಿಶೇಷವಾಗಿ ಒಂದು ಪ್ರಶ್ನೆ. ಆಲೆಮನೆಯ ಗಾಣದಲ್ಲಿ ಉರುಳೆಗಳ ನಡುವೆ ಕಬ್ಬು ಕೊಡುವ ಜಾಗಕ್ಕೆ ಹೆಸರಿದೆಯೇ? ಗಾಣ ಕಬ್ಬನ್ನು ತಾನೇ ಎಳೆದುಕೊಳ್ಳಲು ಶುರು ಮಾಡುತ್ತದಲ್ಲ, ಆ ಕ್ಷಣಕ್ಕೆ ಏನೆನ್ನುತ್ತೀರಿ? ಹಾವೇರಿ, ರಾಯಚೂರಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲುಗಳಲ್ಲಿ ಕೆಲಸ ಮಾಡಿದವರೂ ಹೇಳಬಹುದು. ಉತ್ತರ ಬರೆಯುವಾಗ ನಿಮ್ಮ ಊರಿನ ಹೆಸರು ಹಾಕಿ. ಕೇಳಿದ ಪದವೋ, ಈಗ ಹೊಳೆದದ್ದೋ, ಅದನ್ನೂ ತಿಳಿಸಿ. ಕೇಳಿದ ಪದ ಸಿಕ್ಕರೆ ‘ಸೆಳೆಬಾಯಿ’ಯನ್ನು ಕರಡಿನಿಂದ ಅಳಿಸಲು ನಾನು ತಯಾರು.